ಯಾವ ರಾಗಿ ಮೇಲು? ಹೊಲದ ಏರುಪೇರು ಕಳೆದು ನೋಡಿ

ಜಿಪಿಯು-28 ಎಂಬ ರಾಗಿ ತಳಿ ಬೆಳೆಯುತ್ತಿದ್ದೀರಿ, ಹೊಸ ತಳಿಯೊಂದು ಕೈಗೆ ಬಂದಿದೆ. ಅರ್ಧ ಹೊಲಕ್ಕೆ ಅದು, ಅರ್ಧಕ್ಕೆ ಇದು ಹಾಕಿ ತೂಗಿದರೆ ಉತ್ತರ ಸಿಗದು. ಮೇಲಿನ ಮಣ್ಣು ಕೊಚ್ಚಿಬಂದು ನಿಲ್ಲುವ ತಗ್ಗಿನಲ್ಲಿ ಯಾವುದಿತ್ತೋ ಅದೇ ಗೆದ್ದಂತೆ ಕಾಣುತ್ತದೆ.

ಮೊದಲು ಹೊಲ ಸುತ್ತಿ ಬನ್ನಿ. ಹಳೆಯ ತಿಪ್ಪೆಯ ಜಾಗ, ಮರದ ನೆರಳು ಬಿಟ್ಟುಬಿಡಿ. ಉಳಿದ ನೆಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಪಟ್ಟಿ ಗುರುತಿಸಿ, ಇವೇ ಬ್ಲಾಕುಗಳು. ಪ್ರತಿ ಪಟ್ಟಿಯಲ್ಲೂ ಎರಡು ತಾಕು ಅಕ್ಕಪಕ್ಕ ಇರಲಿ. ಎಡಕ್ಕೆ ಯಾವ ತಳಿ ಎಂಬುದನ್ನು ಒಂದೊಂದು ಪಟ್ಟಿಗೂ ಬೇರೆಬೇರೆ ಚೀಟಿ ಎತ್ತಿ ತೀರ್ಮಾನಿಸಿ. ಮೆಚ್ಚಿದ ತಳಿಗೆ ಒಳ್ಳೆಯ ಜಾಗ ಕೊಡಲು ನಮಗೇ ತಿಳಿಯದಂತೆ ಮನಸ್ಸು ವಾಲುತ್ತದೆ, ಅದಕ್ಕೆ ಚೀಟಿಯೇ ಮದ್ದು. 1919ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ರೂಪಿಸಿಕೊಟ್ಟ ಕ್ರಮವಿದು.

ಗೊಬ್ಬರ, ನಾಟಿ, ಕಳೆ ಎಲ್ಲಕ್ಕೂ ಒಂದೇ ಸಮ. ಒಂದು ಪಟ್ಟಿಯ ಕೆಲಸ ಒಂದೇ ದಿನ, ಅದೇ ಆಳುಗಳಿಂದ ಮುಗಿಯಲಿ.

ಅಂಚಿನ ಗಿಡಕ್ಕೆ ಬೆಳಕು ಹೆಚ್ಚು. ಹಾಗಾಗಿ ಸುತ್ತ ಎರಡು ಸಾಲು ಬಿಟ್ಟು, ಒಳಗಿನ 5 ಮೀಟರ್ ಚೌಕ ಮಾತ್ರ ಕೊಯ್ದು ಒಕ್ಕಿ, ಒಣಗಿಸಿ ತೂಗಿ. ಬೆಳೆ ವಿಮೆಯ ಕಟಾವು ಪ್ರಯೋಗಗಳಲ್ಲೂ ಹಲವು ಬೆಳೆಗೆ ಇದೇ ಅಳತೆ. ತೆಂಡೆ (ಬುಡದಿಂದ ಒಡೆಯುವ ಕವಲು) ಎಣಿಸುವುದಿದ್ದರೆ ತಾಕಿಗೆ ಹತ್ತು ಗಿಡ ಸಾಕು, ಆದರೆ ಕಣ್ಣಿಗೆ ಚೆಂದ ಕಂಡದ್ದನ್ನು ಆರಿಸಬೇಡಿ. ಆ ಹತ್ತರ ಸರಾಸರಿ ತಾಕಿಗೆ ಒಂದೇ ಅಂಕಿ. ಹತ್ತು ಗಿಡ ಅಳೆದ ಮಾತ್ರಕ್ಕೆ ಹತ್ತು ಸಲ ಪ್ರಯೋಗ ಮಾಡಿದಂತಾಗದು. ಎಡವುವುದು ಇಲ್ಲೇ.

ಈಗ ಲೆಕ್ಕ. ತಿಳಿಯಲೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ: ಮೇಲಿನಿಂದ ಕೆಳಕ್ಕೆ ಹಳೆಯದು 6.0, 6.8, 7.9, 8.6 ಕಿಲೋ, ಹೊಸದು 6.4, 7.3, 8.2, 9.2. ಹಳೆಯ ತಳಿಯೊಂದರಲ್ಲೇ 2.6 ಕಿಲೋ ಅಂತರ! ಇದು ಹೊಲದ್ದು, ತಳಿಯದ್ದಲ್ಲ. ಪಟ್ಟಿಯೊಳಗೇ ಕಳೆಯಿರಿ: 0.4, 0.5, 0.3, 0.6. ಇಳಿಜಾರು ಲೆಕ್ಕದಿಂದ ಹೊರಗೆ ಹೋಯಿತು. ಸರಾಸರಿ 0.45. ಈ ನಾಲ್ಕರ ಪ್ರಮಾಣ ವಿಚಲನೆ, ಅಂದರೆ ಸರಾಸರಿಯಿಂದ ಅವು ಎಷ್ಟು ಚದುರಿವೆ ಎಂಬ ಅಳತೆ, 0.13, ನಾಲ್ಕರ ವರ್ಗಮೂಲ 2ರಿಂದ ಭಾಗಿಸಿದರೆ 0.065. ಅಂತರ ಬರೀ ಆಕಸ್ಮಿಕವೋ ಅಲ್ಲವೋ ತೂಗಿ ನೋಡಲು ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಸಿಗುವ ಟಿ ಕೋಷ್ಟಕದಲ್ಲಿ ನಾಲ್ಕು ಜೋಡಿಗೆ ಅಂಕಿ 3.18. ಇದರಿಂದ 0.065 ಅನ್ನು ಗುಣಿಸಿದರೆ ಸುಮಾರು 0.21. ಸರಾಸರಿ ಅದನ್ನು ದಾಟಿದೆ, ಹೊಸ ತಳಿಯನ್ನು ನಂಬಬಹುದು.

ದಾಟದಿದ್ದರೆ ತೀರ್ಪು ಬೇಡ, ಪಟ್ಟಿ ಹೆಚ್ಚಿಸಿ. ಆ 0.065 ಅರ್ಧಕ್ಕಿಳಿಯಲು ಪಟ್ಟಿಗಳು ನಾಲ್ಕು ಪಟ್ಟು, ಅಂದರೆ ಹದಿನಾರು ಬೇಕು. ಅಷ್ಟು ನೆಲವಿಲ್ಲದಿದ್ದರೆ ನೆರೆಯ ಮೂವರನ್ನು ಕೇಳಿ, ತಲಾ ನಾಲ್ಕು ಹಾಕಿಕೊಳ್ಳಿ.