ಸಣ್ಣ ಮಕ್ಕಳ ಜೊತೆ ಸ್ಕ್ಯಾಂಡಿನೇವಿಯಾ: ಹುಬ್ಬಳ್ಳಿ-ಧಾರವಾಡದಿಂದ ಹೊರಡುವವರ ತಯಾರಿ

ಟೂರ್ ಕಂಪನಿಗಳ ಹತ್ತು-ಹನ್ನೊಂದು ದಿನದ ಪಟ್ಟಿ ತೆರೆದರೆ ಕೋಪನ್‌ಹೇಗನ್, ಓಸ್ಲೋ, ಫ್ಲೋಮ್, ಬರ್ಗೆನ್, ಸ್ಟಾಕ್‌ಹೋಮ್ ಎಲ್ಲವನ್ನೂ ಅದರಲ್ಲಿಯೇ ತುರುಕಿರುತ್ತಾರೆ. ಏಳೆಂಟು ವರ್ಷದೊಳಗಿನ ಮಕ್ಕಳಿರುವ ಮನೆಯವರಿಗೆ ಆ ಪಟ್ಟಿ ಉಪಯೋಗಕ್ಕಿಲ್ಲ. ಸಣ್ಣವರು ದಣಿಯುವುದು ಊರು ನೋಡಿ ಅಲ್ಲ, ಮಲಗುವ ಜಾಗ ಪದೇ ಪದೇ ಬದಲಾಗಿ. ಒಂದು ರೂಮು ಬಿಟ್ಟು ಇನ್ನೊಂದಕ್ಕೆ ಹೋಗುವ ದಿನವನ್ನೇ ನೋಡಿ: ಮುಂಜಾನೆ ಬ್ಯಾಗು ಕಟ್ಟಬೇಕು, ಹನ್ನೊಂದರ ಸುಮಾರಿಗೆ ಖಾಲಿ ಮಾಡಬೇಕು, ಹೊಸ ರೂಮಿನ ಕೀಲಿ ಸಿಗುವುದು ಮೂರರ ಮೇಲೆ. ನಡುವೆ ಊಟ, ರೈಲು, ನಿದ್ದೆಗೆಟ್ಟ ಮಗು. ಆ ದಿನ ಪೂರ್ತಿ ಹೋಯಿತೆಂದೇ ಲೆಕ್ಕ ಹಿಡಿಯಿರಿ.

ಆದ್ದರಿಂದ ಹನ್ನೊಂದು ರಾತ್ರಿಗೆ ಎರಡೇ ಊರು: ಕೋಪನ್‌ಹೇಗನ್‌ನಲ್ಲಿ ಐದು ರಾತ್ರಿ, ಸ್ಟಾಕ್‌ಹೋಮ್‌ನಲ್ಲಿ ಆರು. ನಡುವೆ ಒಂದೇ ರೈಲು, ಸುಮಾರು ಐದು ತಾಸು. ವಿಮಾನದ ಟಿಕೆಟ್ಟನ್ನು 'ಮಲ್ಟಿ ಸಿಟಿ' ಅಂತ ಹುಡುಕಿ, ಕೋಪನ್‌ಹೇಗನ್‌ಗೆ ಇಳಿದು ಸ್ಟಾಕ್‌ಹೋಮ್‌ನಿಂದ ಹೊರಡುವಂತೆ ತೆಗೆದುಕೊಳ್ಳಿ. ಇಳಿದ ಊರಿಗೇ ವಾಪಸ್ ಬಂದು ವಿಮಾನ ಹತ್ತುವ ಟಿಕೆಟ್ ನಾಲ್ಕು ಸಾವಿರ ಅಗ್ಗವಿದ್ದರೂ ಒಂದು ದಿನ ಮತ್ತು ನಾಲ್ಕು ಜನರ ರೈಲಿನ ಖರ್ಚನ್ನು ತಿನ್ನುತ್ತದೆ.

ಲೆಗೋ ಆಟಿಕೆಯ ಉದ್ಯಾನ ಲೆಗೋಲ್ಯಾಂಡ್ ಬೇಕೇ ಬೇಕು ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಅದು ಇರುವುದು ಬಿಲುಂಡ್‌ನಲ್ಲಿ, ಕೋಪನ್‌ಹೇಗನ್‌ನಿಂದ ಸುಮಾರು 260 ಕಿಲೋಮೀಟರ್ ದೂರ. ಬಿಲುಂಡ್‌ಗೆ ರೈಲಿಲ್ಲ, ವೈಲೆ ಊರಿನವರೆಗೆ ರೈಲು, ಅಲ್ಲಿಂದ ಬಸ್. ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ಅಲ್ಲಿನ ಹಲವು ಆಟಗಳಿಗೆ ಎತ್ತರದ ಮಿತಿ ಇದೆ, ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಮಗುವನ್ನು ಮನೆಯ ಗೋಡೆಗೆ ನಿಲ್ಲಿಸಿ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಒಂದು ಮೀಟರ್ ಮುಟ್ಟದ ಮಗುವಿಗೆ ಅಷ್ಟು ದೂರದ ಓಡಾಟ ದಂಡ. ಮುಟ್ಟಿದ್ದರೆ ಅಲ್ಲಿಯೇ ಎರಡು ರಾತ್ರಿ ಸೇರಿಸಿ, ಸ್ಟಾಕ್‌ಹೋಮ್‌ನಿಂದ ಕಳೆಯಿರಿ.

ಹೋಗುವ ಕಾಲ

ನಮ್ಮ ಬೇಸಿಗೆ ರಜೆಯಲ್ಲಿ ಏಪ್ರಿಲ್ ಬಿಟ್ಟು ಮೇ ಹಿಡಿಯಿರಿ. ಏಪ್ರಿಲ್ ಮೊದಲರ್ಧದಲ್ಲಿ ಅಲ್ಲಿ ಗಿಡಗಳಿಗೆ ಇನ್ನೂ ಎಲೆ ಬಂದಿರುವುದಿಲ್ಲ. ಮೇ ತಿಂಗಳಲ್ಲಿ ಕೋಪನ್‌ಹೇಗನ್‌ನ ಹಗಲು 16 ಡಿಗ್ರಿ ಆಸುಪಾಸು, ರಾತ್ರಿ 8. ಹುಬ್ಬಳ್ಳಿಯ 36ರಿಂದ ಹೋದ ಮಗುವಿಗೆ ಅದು ಚಳಿಗಾಲವೇ. ದಸರಾ ರಜೆಯಲ್ಲಿ ಹೋಗುವವರಿಗೆ ಅಕ್ಟೋಬರ್‌ನ ಮಳೆ, ಬೇಗ ಕವಿಯುವ ಕತ್ತಲೆ, ಬಾಗಿಲು ಹಾಕಿದ ಬಯಲು ಆಟದ ತಾಣಗಳು ಸಿಗುತ್ತವೆ.

ಮೇ ಕೊನೆಗೆ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ, ಹುಟ್ಟುವುದು ನಸುಕಿನ ನಾಲ್ಕಕ್ಕೆ. "ಇನ್ನೂ ಬೆಳಕದ, ಮಲಗೋದಿಲ್ಲ" ಎಂದು ಮಕ್ಕಳು ಕೂತುಬಿಡುತ್ತಾರೆ. ವಸತಿಯ ಕಿಟಕಿಗೆ ದಪ್ಪ ಪರದೆ ಇದೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಎರಡು ಮೀಟರ್ ಕಪ್ಪು ಬಟ್ಟೆ, ಹತ್ತು ಬಟ್ಟೆ ಕ್ಲಿಪ್ಪು ಒಯ್ದರೆ ಸಾಕು.

ಈಸ್ಟರ್ ನಂತರದ ಆರೋಹಣದ ಗುರುವಾರ ಎಂಬ ಕ್ರೈಸ್ತ ಹಬ್ಬ ಸಾಮಾನ್ಯವಾಗಿ ಮೇ ತಿಂಗಳಲ್ಲೇ ಬರುತ್ತದೆ. ಆ ದಿನ ಡೆನ್ಮಾರ್ಕಿನ ದೊಡ್ಡ ಕಿರಾಣಿ ಅಂಗಡಿಗಳು ಬಂದ್. ಹಾಲು, ಮೊಸರು, ಹಣ್ಣು ಹಿಂದಿನ ಸಂಜೆಯೇ ತಂದಿಡಿ.

ಕಾಗದಪತ್ರ

ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರಕ್ಕೂ ಒಂದೇ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ). ಎಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಆ ದೇಶಕ್ಕೆ ಅರ್ಜಿ; ಸಮ ಇದ್ದರೆ ಮೊದಲು ಇಳಿಯುವ ದೇಶಕ್ಕೆ. ಮೇಲಿನ ಐದು-ಆರು ರಾತ್ರಿಯ ಲೆಕ್ಕದಲ್ಲಿ ಅದು ಸ್ವೀಡನ್. ಬಿಲುಂಡ್ ಸೇರಿಸಿದರೆ ಡೆನ್ಮಾರ್ಕ್. ಎಡವುವುದು ಇಲ್ಲಿಯೇ. ಏಜೆಂಟರು ಅಪಾಯಿಂಟ್‌ಮೆಂಟ್ ಬೇಗ ಸಿಗುವ ದೇಶಕ್ಕೆ ಅರ್ಜಿ ಹಾಕುತ್ತಾರೆ, ಹೋಟೆಲ್ ಬುಕಿಂಗ್ ಬೇರೆಯದೇ ಲೆಕ್ಕ ಹೇಳುತ್ತದೆ, ಅರ್ಜಿ ತಿರಸ್ಕಾರವಾಗುತ್ತದೆ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಮೇ ಪ್ರವಾಸಕ್ಕೆ ಜನವರಿಯಲ್ಲೇ ಬೆಂಗಳೂರಿನ ವೀಸಾ ಕೇಂದ್ರದ ಸಮಯ ಕಾಯ್ದಿರಿಸಿ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, ಆರರ ಕೆಳಗಿನವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ಬೆರಳಚ್ಚು ಹನ್ನೆರಡು ತುಂಬದ ಮಕ್ಕಳಿಗೆ ಬೇಕಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ಅಜ್ಜಿ-ಅಜ್ಜ ಜೊತೆ ಬರುತ್ತಿದ್ದರೆ ಅವರ ಬಿಪಿ, ಶುಗರ್ ವಿವರ ಮುಚ್ಚಿಡದೆ ಬರೆಸಿ.

ಮಕ್ಕಳ ಪಾಸ್‌ಪೋರ್ಟ್ ಅವಧಿ ಐದೇ ವರ್ಷ ಎಂಬುದು ಹಲವರಿಗೆ ಮರೆತುಹೋಗುತ್ತದೆ. ವಾಪಸ್ ಬರುವ ದಿನದಿಂದ ಕನಿಷ್ಠ ಮೂರು ತಿಂಗಳು ಉಳಿದಿರಬೇಕು. ನವೀಕರಣಕ್ಕೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತದೆ. ಜನನ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಇಲ್ಲದೆ, ಪಾಸ್‌ಪೋರ್ಟಿನಲ್ಲಿ ಇದ್ದರೆ ಅಥವಾ ತಂದೆಯ ಹೆಸರಿನ ಅಕ್ಷರ ಎರಡು ಕಡೆ ಎರಡು ರೀತಿ ಇದ್ದರೆ ಮೊದಲು ಅದನ್ನು ಸರಿಪಡಿಸಿ. ತಾಯಿ ಅಥವಾ ತಂದೆ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ನೋಟರಿ ಒಪ್ಪಿಗೆ ಪತ್ರ ಬೇಕು. ವ್ಯಾಪಾರಸ್ಥರು ಜಿಎಸ್‌ಟಿ ನೋಂದಣಿ, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಹೇಳಿಕೆ ಇಡಿ. ಅರ್ಜಿಗೆ ಎರಡು ದಿನ ಮೊದಲು ದೊಡ್ಡ ಮೊತ್ತ ಖಾತೆಗೆ ಬಿದ್ದಿದ್ದರೆ ಅದು ಎಲ್ಲಿಂದ ಬಂತು ಎಂಬ ಕಾಗದವೂ ಇರಲಿ.

ಮನೆಯಿಂದ ವಿಮಾನದವರೆಗೆ

ಬೆಂಗಳೂರಿಗೆ ಹೋದ ದಿನವೇ ವಿಮಾನ ಹತ್ತುವ ಲೆಕ್ಕ ಬೇಡ. ಧಾರವಾಡದಿಂದ ವಂದೇ ಭಾರತ್‌ನಲ್ಲಿ ಹೋದರೂ ಆರು ತಾಸಿನ ಮೇಲೆ ಹಿಡಿಯುತ್ತದೆ, ನಂತರ ದೇವನಹಳ್ಳಿಯವರೆಗಿನ ಟ್ರಾಫಿಕ್ಕು. ವಿಮಾನ ನಿಲ್ದಾಣದ ಹತ್ತಿರ ಒಂದು ರಾತ್ರಿ ಮಲಗಿಸಿದರೆ ಮಕ್ಕಳು ಅರ್ಧ ದಾರಿಗೆ ಕುಸಿಯುವುದಿಲ್ಲ. ದುಬೈ ಅಥವಾ ದೋಹಾದಲ್ಲಿ ವಿಮಾನ ಬದಲಿಸುವವರಿಗೆ ಮೂರು ತಾಸಿನ ಬಿಡುವು ಹಿತ. ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಂ ಮೂಲಕ ಹೋಗುವವರಿಗೆ ಶೆಂಗೆನ್ ತಪಾಸಣೆ ಅಲ್ಲಿಯೇ ನಡೆಯುವುದರಿಂದ ಎರಡು ತಾಸಿಗಿಂತ ಕಡಿಮೆ ಇರುವ ಟಿಕೆಟ್ ಮುಟ್ಟಬೇಡಿ.

ಲಗೇಜು ಒಬ್ಬ ದೊಡ್ಡವರಿಗೆ ಒಂದೇ ಪೆಟ್ಟಿಗೆ, 15 ಕೆಜಿ ಒಳಗೆ. ವಿಮಾನದವರು 23 ಬಿಡುತ್ತಾರೆ ನಿಜ. ಆದರೆ ಅಲ್ಲಿನ ಸ್ಟೇಷನ್ನಿನಲ್ಲಿ ಹಮಾಲರಿಲ್ಲ. ಒಂದು ಕೈ ಮಗುವಿಗೆ, ಒಂದು ಕೈ ಪೆಟ್ಟಿಗೆಗೆ. ತಳ್ಳುಗಾಡಿಯನ್ನು ವಿಮಾನದ ಬಾಗಿಲಿನವರೆಗೆ ಒಯ್ಯಬಹುದು. ನಾಲ್ಕು ವರ್ಷದ ಮಗು "ನಾನ್ ನಡಿತೀನಿ" ಅಂದರೂ ತಳ್ಳುಗಾಡಿ ಬಿಟ್ಟು ಹೋಗಬೇಡಿ. ಚಕ್ರ ಮಾತ್ರ ದೊಡ್ಡದಿರಲಿ: ಸ್ಟಾಕ್‌ಹೋಮ್‌ನ ಹಳೆಯ ಪೇಟೆ ಗಾಮ್ಲಾ ಸ್ತಾನ್‌ನ ಕಲ್ಲುಹಾಸಿನ ಸಂದುಗಳಲ್ಲಿ ಸಣ್ಣ ಚಕ್ರ ಸಿಕ್ಕಿಕೊಂಡು ಮುಂದಿನ ಕಾಲೇ ಮುರಿಯುತ್ತದೆ.

ಬಟ್ಟೆ ಪದರ ಪದರವಾಗಿ: ಒಳಗೆ ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ-ಮಳೆ ತಡೆಯುವ ಜಾಕೆಟ್ ಮತ್ತು ಮಳೆಯ ಪ್ಯಾಂಟು. ಹುಬ್ಬಳ್ಳಿಯ ಪೇಟೆಯಲ್ಲಿ ಸ್ವೆಟರ್ ಚಳಿಗಾಲದಲ್ಲೇ ಕೊಂಡಿಡಿ, ಏಪ್ರಿಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಳೆಯ ಪ್ಯಾಂಟು ಯಾಕೆಂದರೆ ಅಲ್ಲಿನ ಮಕ್ಕಳು ಮಳೆ ನಿಂತ ಮರುಕ್ಷಣ ಒದ್ದೆ ಜಾರುಬಂಡಿಗೆ ಓಡುತ್ತಾರೆ. ನಿಮ್ಮವರೂ ಓಡುತ್ತಾರೆ.

ಅಡುಗೆ ಮನೆ ಇರುವ ವಸತಿ, ಅದರ ತಾಪತ್ರಯ

ಸಸ್ಯಾಹಾರಿ ಮನೆಯವರು ಹೋಟೆಲಿಗಿಂತ ಅಡುಗೆ ಮನೆ ಮತ್ತು ಬಟ್ಟೆ ಒಗೆಯುವ ಯಂತ್ರ ಇರುವ ಅಪಾರ್ಟ್‌ಮೆಂಟ್ ನೋಡಿ. ಬಾಡಿಗೆಯ ಜೊತೆ ಹಾಸಿಗೆ ಬಟ್ಟೆ ಮತ್ತು ಕೊನೆಯ ಸ್ವಚ್ಛತೆಯ ಶುಲ್ಕ ಸೇರಿದೆಯೇ ಕೇಳಿ. ಡೆನ್ಮಾರ್ಕಿನಲ್ಲಿ ಇವೆರಡನ್ನು ಬೇರೆ ಹಾಕುವುದು ರೂಢಿ.

ಇಲ್ಲಿಂದ ಏನು ಒಯ್ಯಬಾರದು ಎಂಬುದು ಮೊದಲು. ಯುರೋಪ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ಧಾರವಾಡ ಪೇಢೆ, ಕುಂದಾ, ತುಪ್ಪ ಎಲ್ಲ ಮನೆಯಲ್ಲೇ ಉಳಿಯಬೇಕು. ಸಂಬಂಧಿಕರಿಗೆ ಎರಡು ಪೆಟ್ಟಿಗೆ ಪೇಢೆ ಒಯ್ಯೋಣ ಎನ್ನುವ ಆಸೆ ಕಸ್ಟಮ್ಸ್‌ನ ಕಸದ ಡಬ್ಬಿಯಲ್ಲಿ ಮುಗಿಯಬಹುದು. ಕೂಸಿನ ಹಾಲಿನ ಪುಡಿಗೆ ವಿನಾಯಿತಿ ಇದೆ: ಕಂಪನಿಯ ಮುಚ್ಚಿದ ಡಬ್ಬಿ, ಫ್ರಿಜ್ ಬೇಡದ್ದು, ಒಬ್ಬರಿಗೆ ಎರಡು ಕೆಜಿಯವರೆಗೆ. ಮೇ ತಿಂಗಳೆಂದರೆ ಧಾರವಾಡದ ಆಪೂಸಿನ ಕಾಲ. ಮಾವಿನಹಣ್ಣೂ ಬೇಡ, ಹಸಿ ಕರಿಬೇವೂ ಬೇಡ. ತಾಜಾ ಹಣ್ಣು-ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ ಇದಕ್ಕೆ ಹೊರತು.

ನಾಲ್ಕು ಜನರಿಗೆ ಹನ್ನೊಂದು ದಿನಕ್ಕೆ ಸಾಕಾಗುವಷ್ಟು: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತಲಾ ಕಾಲು ಕೆಜಿ, ಎಣ್ಣೆಯಲ್ಲಿ ಹುರಿದ ರವೆ ಒಂದು ಕೆಜಿ, ತೆಳು ಅವಲಕ್ಕಿ ಅರ್ಧ ಕೆಜಿ, ಸಾರಿನ ಪುಡಿ 200 ಗ್ರಾಂ, ಒಗ್ಗರಣೆ ಸಾಮಾನು, ಮಕ್ಕಳಿಗೆ ಖಾರ ಕಡಿಮೆ ಇರುವ ಬ್ಯಾಡಗಿ ಪುಡಿ. ಖಡಕ್ ರೊಟ್ಟಿಯನ್ನು ಪೆಟ್ಟಿಗೆಯಲ್ಲಿ ಹಾಕಿದರೆ ನುಚ್ಚಾಗುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಹೊಂದಿಸಿ, ಮೇಲೆ ಬಟ್ಟೆ ತುಂಬಿ ಅಲುಗದಂತೆ ಮಾಡಿ ಕೈಚೀಲದಲ್ಲಿಡಿ. ಅಕ್ಕಿ, ಬೇಳೆ ಅಲ್ಲಿಯೇ ಸಿಗುತ್ತದೆ. ಕೋಪನ್‌ಹೇಗನ್‌ನ ನೊರೆಬ್ರೋ ಬಡಾವಣೆಯ ವಲಸಿಗರ ಕಿರಾಣಿ ಅಂಗಡಿಗಳಿಗೆ ಹೋಗಿ. ಮೊಸರನ್ನಕ್ಕೆ ಹೊಂದುವುದು ಶೇಕಡಾ 10 ಕೊಬ್ಬಿನ ಗಟ್ಟಿ ಮೊಸರು. ಡಬ್ಬಿಯ ಮೇಲೆ ಡೆನ್ಮಾರ್ಕಿನಲ್ಲಿ 'naturel', ಸ್ವೀಡನ್‌ನಲ್ಲಿ 'naturell' ಎಂದಿರಬೇಕು, ಹಣ್ಣಿನ ಚಿತ್ರ ಇದ್ದರೆ ಸಿಹಿ. ಮಕ್ಕಳ ಅಂಟು ಮಿಠಾಯಿಗಳಲ್ಲಿ ಜೆಲಟಿನ್ ಇರುವುದೇ ಹೆಚ್ಚು, ಪಟ್ಟಿ ಓದಿ ಕೊಳ್ಳಿ.

ಅಲ್ಲಿನ ಒಲೆ ಬಹಳ ಕಡೆ ಇಂಡಕ್ಷನ್. ಮನೆಯ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ. ತಳಕ್ಕೆ ಫ್ರಿಜ್ಜಿನ ಮ್ಯಾಗ್ನೆಟ್ ಹಚ್ಚಿ ನೋಡಿ, ಗಟ್ಟಿಯಾಗಿ ಹಿಡಿದರೆ ಮಾತ್ರ ಒಯ್ಯಿರಿ. ಮೂರು ಲೀಟರಿನದು ಸಾಕು. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ವೋಲ್ಟೇಜ್ ನಮ್ಮದೇ, 230.

ಒಗ್ಗರಣೆಯ ಬಗ್ಗೆ ಎಚ್ಚರ. ಬಹಳ ಕಡೆ ಮಾಳಿಗೆಗೆ ಹೊಗೆ ಪತ್ತೆ ಯಂತ್ರ ಇರುತ್ತದೆ. ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿ ಒಣಮೆಣಸಿನಕಾಯಿ ಹಾಕಿದರೆ ಅದು ಕಿರುಚುತ್ತದೆ. ಹೋಟೆಲಾದರೆ ಅಗ್ನಿಶಾಮಕ ದಳದವರೇ ಬಂದು, ಆ ಖರ್ಚು ನಿಮ್ಮ ಬಿಲ್ಲಿಗೆ ಸೇರಬಹುದು. ಒಲೆಯ ಮೇಲಿನ ಎಕ್ಸಾಸ್ಟ್ ಮೊದಲು ಹಾಕಿ, ಒಂದು ಚಮಚ ಎಣ್ಣೆ, ಸಣ್ಣ ಉರಿ, ಸಾಸಿವೆ ಸಿಡಿದ ಕೂಡಲೇ ಇಳಿಸಿ, ಮೆಣಸಿನಕಾಯಿ ಆಮೇಲೆ.

ಬಚ್ಚಲಿನಲ್ಲಿ ಚೊಂಬು ಇರುವುದಿಲ್ಲ. ಪ್ಲಾಸ್ಟಿಕ್ ಮಗ್ ಒಂದು ಒಯ್ಯಿರಿ. ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳುವುದು ದುಡ್ಡು ಚೆಲ್ಲಿದಂತೆ.

ದಿನಕ್ಕೆ ಒಂದೇ ಟಿಕೆಟ್

ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ತಾಸು ಹಿಂದೆ. ಮೊದಲ ಮೂರು ದಿನ ಮಕ್ಕಳು ನಾಲ್ಕಕ್ಕೇ ಎದ್ದು ಸಂಜೆ ಐದಕ್ಕೆ ತೂಕಡಿಸುತ್ತಾರೆ. ಹೊಡೆದಾಡಬೇಡಿ. ಆರೂವರೆಗೆ ನಾಷ್ಟಾ ಮುಗಿಸಿ ಹತ್ತಿರದ ಆಟದ ಮೈದಾನ. ಹತ್ತಕ್ಕೆ ಆ ದಿನದ ಒಂದೇ ಒಂದು ಟಿಕೆಟ್ ಜಾಗ. ಒಂದಕ್ಕೆ ಮನೆ, ಊಟ, ನಿದ್ದೆ. ಸಂಜೆ ದುಡ್ಡಿಲ್ಲದ ತಿರುಗಾಟ.

ಕೋಪನ್‌ಹೇಗನ್‌ನಲ್ಲಿ ದೊಡ್ಡವರೊಬ್ಬರ ಜೊತೆ 12ರೊಳಗಿನ ಇಬ್ಬರು ಮಕ್ಕಳಿಗೆ ಬಸ್ಸು, ಮೆಟ್ರೋ, ರೈಲು ಉಚಿತ. ಮೆಟ್ರೋಗೆ ಚಾಲಕನಿಲ್ಲ, ಮೊದಲ ಡಬ್ಬಿಯ ಮುಂದಿನ ಗಾಜಿನ ಹತ್ತಿರದ ಸೀಟು ಹಿಡಿದರೆ ಸುರಂಗ ಕಣ್ಣೆದುರು ತೆರೆದುಕೊಳ್ಳುತ್ತದೆ. ಇದು ಹಲವು ಮಕ್ಕಳಿಗೆ ಊರಿನ ಹಳೆಯ ಆಟದ ಉದ್ಯಾನ ಟಿವೊಲಿಗಿಂತ ಹೆಚ್ಚು ಹಿಡಿಸುತ್ತದೆ. 1843ರ ಆ ಟಿವೊಲಿ ಉದ್ಯಾನಕ್ಕೆ ಪ್ರವೇಶ ಶುಲ್ಕ ಬೇರೆ, ಆಟಗಳದು ಬೇರೆ. ರಾಷ್ಟ್ರೀಯ ವಸ್ತುಸಂಗ್ರಹಾಲಯದೊಳಗಿನ ಮಕ್ಕಳ ವಿಭಾಗ ಮಳೆಯ ದಿನಕ್ಕೆ ತೆಗೆದಿಡಿ. ಅಲ್ಲಿ ಎಲ್ಲವನ್ನೂ ಮುಟ್ಟಬಹುದು, ಹಡಗು ಹತ್ತಬಹುದು, 18ರೊಳಗಿನವರಿಗೆ ಉಚಿತ. ಮತ್ಸ್ಯಕನ್ಯೆಯ ಪುತ್ಥಳಿ ಒಂದೂಕಾಲು ಮೀಟರ್ ಎತ್ತರದ್ದು, ಅದಕ್ಕಾಗಿಯೇ ದೂರ ನಡೆಸಬೇಡಿ.

ಸ್ಟಾಕ್‌ಹೋಮ್ ರೈಲಿನ ಟಿಕೆಟ್ ಎರಡು-ಮೂರು ತಿಂಗಳ ಮೊದಲೇ ತೆಗೆದರೆ ಬಹಳ ಅಗ್ಗ. ಸ್ವೀಡನ್ ಗಡಿ ದಾಟಿದ ಕೂಡಲೇ ಪಾಸ್‌ಪೋರ್ಟ್ ತಪಾಸಣೆ ಆಗಬಹುದು, ಕೈಗೆ ಸಿಗುವಂತಿಟ್ಟುಕೊಳ್ಳಿ. ಬುತ್ತಿಗೆ ಮೊಸರನ್ನ.

ಸ್ಟಾಕ್‌ಹೋಮ್‌ನಲ್ಲಿ ಮಕ್ಕಳ ಜಾಗಗಳೆಲ್ಲ ಯುರ್ಗೋರ್ಡನ್ ದ್ವೀಪದಲ್ಲೇ ಒಟ್ಟಾಗಿವೆ. ಸ್ಲುಸ್ಸನ್‌ನಿಂದ ದೋಣಿಯಲ್ಲಿ ಹೋಗಿ, ನಗರ ಸಾರಿಗೆಯ ಟಿಕೆಟ್ಟೇ ನಡೆಯುತ್ತದೆ. ಒಂದು ಬ್ಯಾಂಕ್ ಕಾರ್ಡ್ ತಾಗಿಸಿದರೆ ಒಬ್ಬರಿಗೆ ಮಾತ್ರ ಟಿಕೆಟ್. ಗಂಡ-ಹೆಂಡತಿ ಬೇರೆ ಬೇರೆ ಕಾರ್ಡ್ ಇಟ್ಟುಕೊಳ್ಳಿ. 1891ರಲ್ಲಿ ಶುರುವಾದ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯಕ್ಕೆ ಒಂದು ಪೂರ್ತಿ ದಿನ ಕೊಡಿ: ಹಳೆಯ ಮನೆಗಳು, ಕರಡಿ, ಮೂಸ್ ಎಂಬ ದೊಡ್ಡ ಜಿಂಕೆ. ಅದೇ ದ್ವೀಪದ ಇನ್ನೊಂದು ವಸ್ತುಸಂಗ್ರಹಾಲಯದಲ್ಲಿರುವ ವಾಸಾ ಹಡಗು 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿ 1961ರಲ್ಲಿ ಮೇಲೆ ಬಂದದ್ದು. ಆರು ವರ್ಷದವರು ಬಾಯಿ ತೆರೆದು ನೋಡುತ್ತಾರೆ, ಮೂರು ವರ್ಷದವರು ಒಳಗಿನ ಮಬ್ಬುಗತ್ತಲೆಗೆ ಅಳುತ್ತಾರೆ. ಒಬ್ಬರು ಒಳಗೆ, ಒಬ್ಬರು ಹೊರಗೆ ಎಂದು ಹಂಚಿಕೊಳ್ಳಿ.

ನಗದು ಬಹುತೇಕ ಬೇಕಾಗುವುದಿಲ್ಲ. ಎರಡೂ ದೇಶದ ದುಡ್ಡು ಬೇರೆ ಬೇರೆ. ಫೋರೆಕ್ಸ್ ಕಾರ್ಡಿಗೆ (ಮೊದಲೇ ವಿದೇಶಿ ದುಡ್ಡು ತುಂಬಿಸುವ ಕಾರ್ಡು) ಬರೀ ಯೂರೋ ತುಂಬಿಸಿದರೆ ಪ್ರತಿ ಖರೀದಿಗೂ ಬದಲಾವಣೆ ಶುಲ್ಕ ಕಡಿಯುತ್ತದೆ. ಡೆನ್ಮಾರ್ಕಿನ ಕ್ರೋನ್ ಯೂರೋಗೆ ಕಟ್ಟಿಕೊಂಡಿದೆ, ಯೂರೋ ದರವನ್ನು 7.46ರಿಂದ ಭಾಗಿಸಿದರೆ ರೂಪಾಯಿ ಲೆಕ್ಕ ಸಿಗುತ್ತದೆ.

ಮದ್ದು

ಪ್ಯಾರಾಸಿಟಮಾಲ್ ಸಿರಪ್, ಓಆರ್‌ಎಸ್, ಮಗುವಿನ ರೂಢಿಯ ಔಷಧಿ, ವೈದ್ಯರ ಚೀಟಿ ಇರಲಿ. ಆಂಟಿಬಯಾಟಿಕ್ ಅಲ್ಲಿ ಚೀಟಿ ಇಲ್ಲದೆ ಸಿಗುವುದಿಲ್ಲ. ತುರ್ತು ಸಂಖ್ಯೆ 112. ಸ್ಟಾಕ್‌ಹೋಮ್ ಸುತ್ತಲಿನ ಹುಲ್ಲು, ಪೊದೆಯಲ್ಲಿ ರಕ್ತ ಹೀರುವ ಉಣ್ಣಿಗಳಿವೆ, ಅವುಗಳಿಂದ ರೋಗವೂ ಬರುತ್ತದೆ. ರಾತ್ರಿ ಮೈ ತೊಳೆಸುವಾಗ ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂಭಾಗ ನೋಡಿ. ಕಂಡರೆ ಚಿಮಟಿಗೆಯಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚಬೇಡಿ.

ಮಕ್ಕಳು ಏಳೆಂಟು ದಾಟಿದ್ದರೆ ಸ್ಟಾಕ್‌ಹೋಮ್ ಬಿಟ್ಟು ನಾರ್ವೆ ಹಿಡಿಯಬಹುದು. ಕೋಪನ್‌ಹೇಗನ್‌ನಿಂದ ಓಸ್ಲೋಗೆ ರಾತ್ರಿ ಹಡಗಿದೆ, ಪ್ರಯಾಣವೂ ಆಯಿತು, ನಿದ್ದೆಯೂ ಆಯಿತು. ಓಸ್ಲೋ-ಬರ್ಗೆನ್ ರೈಲಿನಲ್ಲಿ ಮಕ್ಕಳ ಆಟದ ಮೂಲೆ ಇರುವ ಕುಟುಂಬ ಬೋಗಿ ಕೇಳಿ ಕಾಯ್ದಿರಿಸಿ. ಸುಮಾರು ಏಳು ತಾಸಿನ ದಾರಿ. 1222 ಮೀಟರ್ ಎತ್ತರದ ಫಿನ್ಸೆ ಸ್ಟೇಷನ್ನಿನಲ್ಲಿ ಮೇ ತಿಂಗಳಲ್ಲೂ ಹಿಮ ಇರುತ್ತದೆ. ಜಾಕೆಟ್ಟುಗಳನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಡಿ. ನಾರ್ವೆಯಲ್ಲಿ ಭಾನುವಾರ ದೊಡ್ಡ ಕಿರಾಣಿ ಅಂಗಡಿ ತೆರೆಯುವುದಿಲ್ಲ, ಮೇ 17 ರಾಷ್ಟ್ರೀಯ ದಿನ: ಶಾಲಾ ಮಕ್ಕಳ ಮೆರವಣಿಗೆ ಊರ ತುಂಬ, ಅಂಗಡಿಗಳಿಗೆ ಮಾತ್ರ ಬೀಗ.