ಇಂಡಿ ತಾಲ್ಲೂಕಿನಲ್ಲಿ ಪಶುವೈದ್ಯೆಯಾಗಿ ನಾನು ಕೇಳುವುದನ್ನು ಕಲಿತದ್ದು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಪಶು ಚಿಕಿತ್ಸಾಲಯಕ್ಕೆ ನಾನು ಹಾಜರಾದದ್ದು 2021ರ ಜೂನ್ ತಿಂಗಳಲ್ಲಿ. ಎರಡನೆಯ ವಾರ, ಒಳ್ಳೆಯ ಮಳೆ ಬಿದ್ದ ಮರುದಿನ ಬೆಳಿಗ್ಗೆ, ರೈತರೊಬ್ಬರು ಏದುಸಿರು ಬಿಡುತ್ತ ಒಳಗೆ ಬಂದು, “ಮೇಡಮ್ಮಾರ, ಎತ್ತಿಗೆ ಹುಳ ಮುಟ್ಟ್ಯಾದ್ರಿ, ಲಗೂನ ಬರ್ರಿ” ಎಂದರು. ಹುಳ ಎಂದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ಗಾಯದಲ್ಲಿ ಬೀಳುವ ಹುಳ. ಟರ್ಪೆಂಟೈನ್ ಎಣ್ಣೆ, ಚಿಮಟ, ಹತ್ತಿಗಳನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದೆ. ಚಿಕಿತ್ಸಾಲಯದ ಹಿರಿಯ ಸಹಾಯಕರು, ನಾವೆಲ್ಲ ಕಾಕಾ ಎಂದು ಕರೆಯುವವರು, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಹಾವು ಕಡದದ್ರಿ. ಇಲ್ಲಿ ಮಂದಿ ಅದರ ಹೆಸರ ತಗೊಳ್ಳೂದಿಲ್ಲ.”

ಹೊಲಕ್ಕೆ ಹೋಗಿ ನೋಡಿದಾಗ ಎತ್ತಿನ ಮುಂಗಾಲು ಮೊಣಕಾಲಿನವರೆಗೆ ಬಾತು, ಕಚ್ಚಿದ ಜಾಗದಿಂದ ರಕ್ತ ಜಿನುಗುತ್ತಿತ್ತು. ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟೆ, ಅದು ಹೆಪ್ಪುಗಟ್ಟಲಿಲ್ಲ. ಕೊಳಕುಮಂಡಲದಂಥ ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುವುದರಿಂದ ಹೊಲದಲ್ಲೇ ಮಾಡಬಹುದಾದ ಈ ಪರೀಕ್ಷೆ ಬಹಳ ಉಪಯುಕ್ತ. ಪಟ್ಟಣದಿಂದ ವಿಷನಿರೋಧಕ ಸೀರಮ್ ತರಿಸಿ ಗ್ಲುಕೋಸ್ ದ್ರಾವಣದಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟೆವು, ಎತ್ತು ಉಳಿಯಿತು. ಆದರೆ ಕಾಕಾ ಅಂದು ರಜೆಯ ಮೇಲಿದ್ದಿದ್ದರೆ ನಾನು ಅಷ್ಟು ದೂರ ಹೋಗಿ, ತಪ್ಪನ್ನು ಅಲ್ಲಿ ತಿಳಿದು, ಮತ್ತೆ ಔಷಧಕ್ಕೆ ಜನರನ್ನು ಓಡಿಸುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತಿತ್ತು ಎಂಬ ಯೋಚನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ನಾನು ಮೈಸೂರು ನಗರದಲ್ಲಿ ಬೆಳೆದು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು. ತರಬೇತಿಯ ಅವಧಿಯೂ ಸೇರಿ ಐದೂವರೆ ವರ್ಷದ ಆ ಓದಿನಲ್ಲಿ, ದನವನ್ನು ಮುಟ್ಟುವ ಮುನ್ನ ರೋಗದ ಹಿನ್ನೆಲೆ ಕೇಳಬೇಕೆಂಬುದನ್ನು ನಮ್ಮ ಅಧ್ಯಾಪಕರು ಮತ್ತೆ ಮತ್ತೆ ಹೇಳಿದ್ದರು. ಏನು ಕೇಳಬೇಕೆಂಬುದು ನನಗೆ ಗೊತ್ತಿತ್ತು. ಯಾವ ಮಾತಿನಲ್ಲಿ, ಯಾರನ್ನು, ಎಲ್ಲಿ ನಿಂತು ಕೇಳಬೇಕೆಂಬುದು ಗೊತ್ತಿರಲಿಲ್ಲ. ಹಾವಿನ ಪ್ರಸಂಗದ ಮರುದಿನ ಇನ್ನೂರು ಪುಟದ ಒಂದು ನೋಟುಪುಸ್ತಕ ಕೊಂಡು, ಜನ ದನದ ಬಗ್ಗೆ ಆಡುವ ಮಾತನ್ನು ಅವರು ಆಡಿದ ಹಾಗೆಯೇ ಎಡಗಡೆ ಬರೆದು, ಪರೀಕ್ಷೆಯ ನಂತರ ನನಗೆ ಕಂಡ ರೋಗವನ್ನು ಬಲಗಡೆ ಬರೆಯಲು ಶುರುಮಾಡಿದೆ. ಎಡಗಡೆಯ ಮಾತು ತಿಳಿಯದಿದ್ದರೆ ಊಹಿಸದೆ, “ಹಂಗಂದ್ರ ಏನ್ರಿ?” ಎಂದು ಅಲ್ಲಿಯೇ ಕೇಳುವುದನ್ನು ಕಡ್ಡಾಯ ಮಾಡಿಕೊಂಡೆ. ವೈದ್ಯರಾದವರು ಹೀಗೆ ಕೇಳಿದರೆ ಜನರ ಭರವಸೆ ಕುಗ್ಗುತ್ತದೆ ಎಂದು ಕೆಲವು ಹಿತೈಷಿಗಳು ಎಚ್ಚರಿಸಿದರು. ನನ್ನ ಅನುಭವದಲ್ಲಿ ಹಾಗಾಗಲಿಲ್ಲ, ದೂರದಿಂದ ಬಂದವಳು ತಮ್ಮ ಮಾತು ಕಲಿಯುತ್ತಿದ್ದಾಳೆಂದು ಜನ ಇನ್ನಷ್ಟು ಬಿಡಿಸಿ ಹೇಳತೊಡಗಿದರು.

ಆದರೆ ಮಾತು ತಿಳಿದಿದೆ ಎಂದುಕೊಂಡಾಗಲೇ ನಾನು ಹೆಚ್ಚು ದೊಡ್ಡ ತಪ್ಪು ಮಾಡಿದೆ. ತೋಟದ ವಸ್ತಿಯಲ್ಲಿರುವ ರೈತರೊಬ್ಬರು ದನವನ್ನು ತಾರದೆ ತಾವೊಬ್ಬರೇ ಬಂದು, “ಎಮ್ಮಿ ಹಾಲ ಬಿಡವಲ್ದ್ರಿ” ಎಂದರು. ಹಾಲು ಕಡಿಮೆಯಾಗಿದೆ ಎಂದು ಅರ್ಥ ಮಾಡಿಕೊಂಡು ಖನಿಜ ಮಿಶ್ರಣವನ್ನೂ ಕ್ಯಾಲ್ಸಿಯಂ ಔಷಧವನ್ನೂ ಕೊಟ್ಟು ಕಳಿಸಿದೆ. ನಾಲ್ಕು ದಿನ ಬಿಟ್ಟು ಅವರು ಮತ್ತೆ ಬಂದರು, ಅದೇ ಮಾತು. ನಾನು ಔಷಧದ ಪ್ರಮಾಣವನ್ನು ಹೆಚ್ಚಿಸಿದೆ. ಮೂರನೆಯ ಸಲ ಅವರು ಬಂದಾಗ ಅವರ ಜೊತೆಗೇ ವಸ್ತಿಗೆ ಹೋದೆ. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಹೆಸರಿನ ಚೀಟಿಯಿಲ್ಲದ ಒಂದು ಔಷಧದ ಬಾಟಲಿಯೂ ಬಳಸಿದ ಸಿರಿಂಜೂ ಇದ್ದವು. ಎಮ್ಮೆಯ ಹತ್ತಿರ ಕುಳಿತಿದ್ದ ಅವರ ತಾಯಿ, ಅದನ್ನು ಕರು ಹಾಕಿದಂದಿನಿಂದ ಹಿಂಡುತ್ತಿದ್ದವರು, ನನ್ನ ಕೈ ಹಿಡಿದು, “ಕರ ಸತ್ತು ಹದಿನೈದ ದಿನ ಆತವ್ವಾ. ಅದಕ ಇದು ಹಾಲ ಏರಿಸಿಕೊಂಡು ನಿಂತಾದ” ಎಂದರು. ಆ ಒಂದು ಮಾತು ಮೂರು ಭೇಟಿಗಳಲ್ಲಿ ನನಗೆ ಸಿಕ್ಕಿರಲಿಲ್ಲ, ಏಕೆಂದರೆ ಕರು ಹೇಗಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ, ಮಗನಿಗೆ ಅದು ಹೇಳಬೇಕಾದ ಸಂಗತಿ ಎನಿಸಿರಲಿಲ್ಲ.

ಎಮ್ಮೆಯ ಕೆಚ್ಚಲಿನ ರಚನೆ ಗೊತ್ತಿರುವವರಿಗೆ ಇದರ ಕಾರಣ ಸ್ಪಷ್ಟ. ಎಮ್ಮೆಯಲ್ಲಿ ಹಿಂಡುವ ಮೊದಲು ಕೆಚ್ಚಲಿನ ಕೆಳಗಿನ ತೊಟ್ಟಿಯಂಥ ಭಾಗಕ್ಕೆ ಇಳಿದಿರುವ ಹಾಲು ಸುಮಾರು ಶೇ. 5ರಷ್ಟು ಮಾತ್ರ, ಉಳಿದದ್ದೆಲ್ಲ ಮೇಲಿನ ಸಣ್ಣ ಕೋಶಗಳಲ್ಲಿರುತ್ತದೆ, ಮತ್ತು ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗದೆ ಅದು ಕೆಳಗಿಳಿಯುವುದಿಲ್ಲ. ಕರುವನ್ನು ಕಂಡು, ಅದರ ಬಾಯಿ ತಾಗಿ ಆಗಬೇಕಾದ ಈ ಕೆಲಸವನ್ನು ದಿನಕ್ಕೆರಡು ಸಲ ಆಕ್ಸಿಟೋಸಿನ್ ಚುಚ್ಚುಮದ್ದಿನಿಂದ ಮಾಡಿಸುತ್ತ ಹೋದರೆ ಎಮ್ಮೆಗೆ ಅದೇ ರೂಢಿಯಾಗುತ್ತದೆ. ಆ ಬಾಟಲಿಯ ವಿಷಯದಲ್ಲಿ ನಾನು ಮಗನನ್ನು ಬೈಯಲಿಲ್ಲ; ನನ್ನಿಂದ ಸರಿಯಾದ ಉತ್ತರ ಸಿಗದಿದ್ದಾಗ ಅವರು ಬೇರೆಯವರ ಮಾತು ಕೇಳಿದ್ದರು. ಚುಚ್ಚುವುದನ್ನು ನಿಲ್ಲಿಸಿ, ಅದೇ ತಾಯಿಯೇ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಹಿಂಡಬೇಕು, ಮೊದಲು ಹಿಂಡಿಯನ್ನು ಮುಂದಿಡಬೇಕು, ಉಗುರುಬೆಚ್ಚಗಿನ ನೀರಿನಲ್ಲಿ ಕೆಚ್ಚಲನ್ನು ತೊಳೆದು ಎರಡು ಮೂರು ನಿಮಿಷ ಮೆಲ್ಲಗೆ ನೀವಬೇಕು, ಸೊರಬಿಡುವವರೆಗೆ, ಅಂದರೆ ಹಾಲು ಕೆಚ್ಚಲಿಗೆ ಇಳಿಯುವವರೆಗೆ, ಗದ್ದಲವಾಗಲಿ ಹೊಡೆತವಾಗಲಿ ಕೂಡದು ಎಂದು ಹೇಳಿದೆ. ಹೆದರಿದ ದನದಲ್ಲಿ ಆಕ್ಸಿಟೋಸಿನ್‌ನ ಕೆಲಸ ತಡೆಯಾಗುತ್ತದೆ. ಹನ್ನೆರಡು ದಿನ ಆ ತಾಯಿ ತಾಳ್ಮೆಯಿಂದ ಮಾಡಿದರು. ಮೊದಲಿನಷ್ಟಲ್ಲದಿದ್ದರೂ ಎಮ್ಮೆ ಸೊರಬಿಟ್ಟಿತು.

ಅಂದಿನಿಂದ ಹಾಲಿನ ಮತ್ತು ಗರ್ಭದ ವಿಷಯವಿದ್ದರೆ ಹಿಂಡುವವರನ್ನು ಕಾಣದೆ ನಾನು ಔಷಧ ಬರೆಯುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ದನವನ್ನು ಕೊಳ್ಳುವುದು, ಮಾರುವುದು, ಆಸ್ಪತ್ರೆಗೆ ಹೊಡೆದುಕೊಂಡು ಬರುವುದು ಗಂಡಸರ ಕೆಲಸ. ಹಿಂಡುವುದು, ಸೆಗಣಿ ಬಳಿಯುವುದು, ನೀರು ಕುಡಿಸುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಜೊತೆಗೆ ನಾನು ಮದುವೆಯಾಗದ ಹುಡುಗಿ ಎಂಬ ಕಾರಣಕ್ಕೆ, ದನದ ಹಿಂಭಾಗದ ಯಾವ ತೊಂದರೆಯನ್ನಾದರೂ ಹಿರಿಯ ಗಂಡಸರು “ಸ್ವಲ್ಪ ಆರಾಮಿಲ್ರಿ” ಎಂಬಲ್ಲಿಗೆ ಮುಗಿಸಿಬಿಡುತ್ತಿದ್ದರು. ಅವರದು ಅಗೌರವವಲ್ಲ, ಸಂಕೋಚ. ಅದನ್ನು ಅರ್ಥಮಾಡಿಕೊಂಡು ನಾನು ನೇರ ಮನೆಗೆ ಹೋಗಿ ಅವರ ಹೆಂಡತಿಯನ್ನೋ ಸೊಸೆಯನ್ನೋ ಕೇಳತೊಡಗಿದೆ. ಕರು ಹಾಕಿದ ಮೇಲೆ ಕಸ (ಮಾಸು) ಪೂರ್ತಿ ಬಿದ್ದಿತೇ, ಎಷ್ಟು ಹೊತ್ತಿಗೆ ಬಿದ್ದಿತು, ಸೋರುತ್ತಿರುವುದಕ್ಕೆ ವಾಸನೆಯಿದೆಯೇ ಎಂಬ ಪ್ರಶ್ನೆಗಳಿಗೆ ಅವರಿಂದ ಸಿಗುವ ಉತ್ತರದಷ್ಟು ಖಚಿತವಾದದ್ದು ಬೇರೆಲ್ಲೂ ಸಿಗಲಿಲ್ಲ.

ಕೃತಕ ಗರ್ಭಧಾರಣೆಯಲ್ಲಿ ಇದರಿಂದಾದ ಪ್ರಯೋಜನವನ್ನು ವಿಶೇಷವಾಗಿ ಹೇಳಬೇಕು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ವೀರ್ಯ ಕೊಡಬೇಕೆಂಬುದು ಸಾಮಾನ್ಯ ಕ್ರಮ. ಎಮ್ಮೆ, ಅದರಲ್ಲೂ ಬೇಸಿಗೆಯ ಎಮ್ಮೆ, ಆಕಳಿನಂತೆ ಕೂಗಿ ಹಾರಾಡಿ ಬೆದೆ ತೋರಿಸುವುದಿಲ್ಲ. ರಾತ್ರಿ ಅಥವಾ ನಸುಕಿನಲ್ಲಿ ತೋರಿಸಿ ಸುಮ್ಮನಾಗುತ್ತದೆ. ಯಜಮಾನರು ಹನ್ನೊಂದು ಗಂಟೆಗೆ ಬಂದು “ಇವತ್ತ ಮುಂಜಾನೆ” ಎನ್ನುವ ಹೊತ್ತಿಗೆ, ನಸುಕಿನಲ್ಲಿ ಸೆಗಣಿ ಬಳಿಯುವಾಗ ನೆಲದ ಮೇಲಿನ ಲೋಳೆಯನ್ನು ಕಂಡ ಮನೆಯಾಕೆ ಅದು ನಿನ್ನೆಯೂ ಇತ್ತೆಂದು ಬಲ್ಲವರಾಗಿರುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಚುಕ್ಕೆ ಇಡಲು ನಾನು ಹತ್ತಾರು ಮನೆಗಳಲ್ಲಿ ಹೇಳಿಕೊಟ್ಟೆ. 21 ದಿನ ಎಣಿಸಿ ಮುಂದಿನ ಬೆದೆಯನ್ನು ಕಾಯುವುದನ್ನು ಓದು ಬಾರದ ಹೆಂಗಸರೂ ಸುಲಭವಾಗಿ ಹಿಡಿದರು.

ಖಿಲಾರಿ ಎತ್ತುಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಚುರುಕಾದ, ಉದ್ದ ಕೊಂಬಿನ ಈ ತಳಿ ಪರಕೀಯರನ್ನು ಸುಲಭವಾಗಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸಾಕಿದವರು ತಲೆಯ ಹತ್ತಿರ ನಿಂತು ಹೆಸರು ಹಿಡಿದು ಮಾತಾಡಿಸುತ್ತಿದ್ದರೆ ಮಾತ್ರ ನಾನು ಮುಟ್ಟುತ್ತೇನೆ.

ನನ್ನ ಕೆಲಸದ ರೀತಿಯನ್ನು ಹೆಚ್ಚು ಬದಲಿಸಿದ ಘಟನೆ ನಡೆದದ್ದು 2022ರ ಏಪ್ರಿಲ್‌ನಲ್ಲಿ. ಹಿಂಗಾರಿ ಜೋಳದ ಕಟಾವು ಮುಗಿದ ಮೇಲೆ ಒಂದು ಅಡ್ಡಮಳೆ ಬಿದ್ದು, ಹೊಲಗಳಲ್ಲಿ ಉಳಿದಿದ್ದ ಕೂಳೆ ಚಿಗುರಿತ್ತು. ಮಧ್ಯಾಹ್ನ ಕರೆ ಬಂದು ನಾನು ತಲುಪುವಷ್ಟರಲ್ಲಿ ಎರಡು ಆಕಳು ಸತ್ತಿದ್ದವು, ಮೂರು ನೆಲ ಹಿಡಿದು ಬಾಯಿ ತೆರೆದು ಉಸಿರಾಡುತ್ತಿದ್ದವು. ಯಜಮಾನರನ್ನು ಕೇಳಿದೆ, ಕಣಕಿ (ಜೋಳದ ಒಣ ದಂಟು) ಬಿಟ್ಟರೆ ಬೇರೇನೂ ತಿಂದಿಲ್ಲ ಎಂದರು. ಅಂಥ ಹೊತ್ತಿನಲ್ಲಿ ವೈದ್ಯರ ಮುಂದೆ ಕನಿಷ್ಠ ಮೂರು ದಾರಿಗಳಿರುತ್ತವೆ. ಎಳೆಯ ಜೋಳದ ಚಿಗುರಿನಲ್ಲಿರುವ ಧುರ್ರಿನ್ ಎಂಬ ವಸ್ತುವಿನಿಂದ ಹೊಟ್ಟೆಯಲ್ಲಿ ಸಯನೈಡ್ ಹುಟ್ಟಿರಬಹುದು; ಬರದಲ್ಲಿ ಬಾಡಿದ ಅದೇ ಜೋಳದಲ್ಲಿ ನೈಟ್ರೇಟ್ ಶೇಖರವಾಗಿರಬಹುದು; ಯಾರಾದರೂ ಬೆಳೆಗೆ ಸಿಂಪಡಿಸಿದ ಕೀಟನಾಶಕ ಹೊಟ್ಟೆಗೆ ಹೋಗಿರಬಹುದು. ಮೊದಲನೆಯದಕ್ಕೆ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್, ಎರಡನೆಯದಕ್ಕೆ ಮಿಥಿಲೀನ್ ಬ್ಲೂ, ಮೂರನೆಯದಕ್ಕೆ ಅಟ್ರೋಪಿನ್. ಎರಡನೆಯದನ್ನು ಮೊದಲನೆಯದೆಂದು ತಪ್ಪು ತಿಳಿದು ನೈಟ್ರೈಟ್ ಕೊಟ್ಟರೆ ಬದುಕಬಹುದಾದ ದನವನ್ನು ನಮ್ಮ ಕೈಯಾರೆ ಕೊಂದಂತಾಗುತ್ತದೆ.

ಕಣ್ಣಿನ ರೆಪ್ಪೆ ಮಗುಚಿ ನೋಡಿದೆ, ಒಳಪದರ ಕಡುಕೆಂಪಾಗಿತ್ತು. ನೈಟ್ರೇಟ್ ಆಗಿದ್ದರೆ ಅದು ಕಂದು ಬಣ್ಣಕ್ಕೆ ತಿರುಗಿರಬೇಕಿತ್ತು, ಕೀಟನಾಶಕವಾಗಿದ್ದರೆ ಜೊಲ್ಲು ಸುರಿದು ಕಣ್ಣಿನ ಪಾಪೆ ಕಿರಿದಾಗಿರಬೇಕಿತ್ತು. ಸಯನೈಡ್ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ಮಾಡುವುದರಿಂದ ರಕ್ತ ಕೆಂಪಾಗಿಯೇ ಉಳಿಯುತ್ತದೆ. ಆದರೂ ಒಂದು ಮಾತಿನ ಆಧಾರ ಬೇಕಿತ್ತು. ಬಣವಿಯ ಹಿಂದೆ ಸುಮಾರು ಹನ್ನೆರಡು ವರ್ಷದ, ದನ ಕಾಯುವ ಹುಡುಗ ಅಳುತ್ತ ನಿಂತಿದ್ದ. ಯಜಮಾನರನ್ನು ನೀರು ತರಲು ಕಳಿಸಿ ಅವನ ಪಕ್ಕದಲ್ಲಿ ಕುಳಿತು, ನಿನ್ನದೇನೂ ತಪ್ಪಿಲ್ಲ, ದನ ಎಲ್ಲಿದ್ದವೆಂದಷ್ಟೇ ಹೇಳು ಎಂದೆ. “ಬಾಜೂ ಹೊಲದ ಜ್ವಾಳದ ಚಿಗರಿನ್ಯಾಗ ಹೊಕ್ಕಿದ್ವು ಅಕ್ಕಾ” ಎಂದ. ಅದು ಬೇರೆಯವರ ಹೊಲ, ಬದುವಿನ ಜಗಳ ಮೊದಲೇ ಇತ್ತು. ಯಜಮಾನರು ಬಾಯಿ ಬಿಡದಿದ್ದುದು ಅದಕ್ಕೆ.

ಬೇಸಿಗೆಯ ಮಳೆಯ ನಂತರ ಈ ಎರಡು ಔಷಧಗಳು ಚೀಲದಲ್ಲಿರಲೇಬೇಕೆಂದು ಕಾಕಾ ಮೊದಲೇ ಹೇಳಿ ಇರಿಸಿದ್ದರು. ರಕ್ತನಾಳಕ್ಕೆ ಮೊದಲು ನೈಟ್ರೈಟ್, ಅದರ ಬೆನ್ನಿಗೆ ಥಯೋಸಲ್ಫೇಟ್ ಕೊಟ್ಟೆವು. ಒಂದು ಆಕಳು ಉಳಿಯಲಿಲ್ಲ. ಎರಡು ಅರ್ಧ ಗಂಟೆಯೊಳಗೆ ಎದೆಯ ಮೇಲೆ ಕುಳಿತು, ಸಂಜೆಗೆ ಎದ್ದು ನಿಂತವು. ಆ ದಿನದ ದಾಖಲೆಯಲ್ಲಿ ಜೋಳದ ಕೂಳೆ ಚಿಗುರು ಎಂದು ಬರೆದೆ. ಯಾರ ಹೊಲವೆಂದು ಬರೆಯಲಿಲ್ಲ, ಯಾರ ಮುಂದೆಯೂ ಹೇಳಲಿಲ್ಲ. ನಾನು ಗುಟ್ಟು ಕಾಯ್ದದ್ದು ಊರಿಗೆ ಹೇಗೋ ತಿಳಿದಿರಬೇಕು. ಮುಂದೆ ಜನ ನನ್ನನ್ನು ಒಂದು ಬದಿಗೆ ಕರೆದು, ಮನೆಯವರ ಮುಂದೆ ಹೇಳಲಾಗದ್ದನ್ನು ಹೇಳತೊಡಗಿದರು. ಕಾಯುವವರನ್ನು ಪ್ರತ್ಯೇಕವಾಗಿ ಕೇಳುವುದನ್ನು ನಾನು ಈಗ ಸಾಮಾನ್ಯ ಜ್ವರಕ್ಕೂ ಬಿಡುವುದಿಲ್ಲ. ಆ ವಾರ ಹಳ್ಳಿಗಳ ಗುಡಿಯ ಕಟ್ಟೆಗಳಲ್ಲಿ ಕುಳಿತು, ಹೂ ಬರುವ ಮೊದಲಿನ ಹಸಿ ಜೋಳಕ್ಕೂ ಮಳೆಯ ನಂತರದ ಕೂಳೆಗೂ ದನ ಬಿಡಬೇಡಿ ಎಂದು ಹೇಳಿದೆ. ದೊಡ್ಡವರಿಗಿಂತ ಹೆಚ್ಚಾಗಿ ಹುಡುಗರನ್ನು ಮುಂದೆ ಕೂರಿಸಿಕೊಂಡು ಹೇಳಿದೆ.

ಅದೇ ವರ್ಷ ಚರ್ಮಗಂಟು ರೋಗ ಬಂದಾಗ ಪ್ರಶ್ನೆಗಳು ನನ್ನ ಕಡೆಗೆ ತಿರುಗಿದವು. ಆಡಿನ ಸಿಡುಬಿನ ಲಸಿಕೆಯನ್ನು ಆಕಳಿಗೆ ಏಕೆ ಹಾಕುತ್ತೀರಿ ಎಂದು ಪ್ರತಿ ಓಣಿಯಲ್ಲೂ ಕೇಳಿದರು. ಎರಡೂ ರೋಗಗಳ ವೈರಾಣುಗಳು ಒಂದೇ ಕುಲದವು, ಆದ್ದರಿಂದ ಒಂದರ ಲಸಿಕೆ ಇನ್ನೊಂದಕ್ಕೂ ರಕ್ಷಣೆ ಕೊಡುತ್ತದೆ ಎಂಬುದನ್ನು ಮನೆ ಮನೆಯಲ್ಲಿ ನಿಂತು ಹೇಳಬೇಕಾಯಿತು. ಬೆಳಿಗ್ಗೆ ಆರಕ್ಕೇ, ದನ ಮೇಯಲು ಹೋಗುವ ಮುನ್ನ ಹೊರಟರೂ ದಿನಕ್ಕೆ ಅಂದುಕೊಂಡಷ್ಟು ಮನೆಗಳು ಮುಗಿಯುತ್ತಿರಲಿಲ್ಲ. ಹೊತ್ತು ಹೋಯಿತೆಂದು ನನಗೆ ಬೇಸರವಾಗಲಿಲ್ಲ. ಉತ್ತರ ಸಿಕ್ಕ ಮನೆಯವರು ತಾವೇ ಹಗ್ಗ ಹಿಡಿದು ನಿಂತರು.

ಕಳೆದ ತಿಂಗಳು ಆ ಹುಡುಗ ಸೈಕಲ್ ಮೇಲೆ ಚಿಕಿತ್ಸಾಲಯಕ್ಕೆ ಬಂದ. ಈಗ ಅವನಿಗೆ ಮೀಸೆ ಚಿಗುರುತ್ತಿದೆ. ನಾನು ಬಾಯಿ ತೆರೆಯುವ ಮೊದಲೇ, ಎರಡು ಆಡು ಒಂದು ತಾಸಿನಿಂದ ತೂರಾಡುತ್ತಿವೆ, ಉಳಿದ ಆರು ನೆಟ್ಟಗಿವೆ, ಮುಂಜಾನೆ ನೀರು ಕುಡಿದಿವೆ, ಜೊಲ್ಲಿಲ್ಲ ಎಂದು ಹೇಳಿ ಮುಷ್ಟಿ ಬಿಚ್ಚಿದ. ಅವು ತಿಂದು ಬಿಟ್ಟ ಔಡಲದ ಎಲೆಯ ಚೂರುಗಳು ಅವನ ಅಂಗೈಯಲ್ಲಿದ್ದವು.