ದೀಪವಿಲ್ಲದ ಊರನ್ನು ಹುಡುಕುವುದು ಹೇಗೆ?

ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಅಂತ ನೋಡಿರುತ್ತೀರಿ. ಪಾರಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪ ಹಚ್ಚುವವರೇ ಇಲ್ಲದ ಊರು. ಜನ ಹೋದರೂ ಹೆಸರು, ಎಲ್ಲೆ, ಸರ್ವೆ ನಂಬರು ಹಾಗೇ ಇರುತ್ತವೆ. ಕೆಲವು ಪ್ಲೇಗಿನ ಕಾಲದಲ್ಲಿ ಖಾಲಿಯಾದವು, ಕೆಲವು ಅದಕ್ಕೂ ಎಷ್ಟೋ ಮೊದಲು.

ಹುಡುಕಾಟ ಶುರುವಾಗುವುದು ಮನೆಯ ಮೇಜಿನ ಮೇಲೆ. ಭೂದಾಖಲೆಗಳ ಇಲಾಖೆಯ ಜಾಲತಾಣದಿಂದ ಅಂಥ ಒಂದು ಗ್ರಾಮದ ನಕ್ಷೆ ಇಳಿಸಿಕೊಳ್ಳಿ. ಮೊದಲು ದಾರಿಗಳನ್ನು ನೋಡಿ. ನಾಲ್ಕೈದು ಬಂಡಿದಾರಿ, ಕಾಲುದಾರಿ ಒಂದೇ ಕಡೆ ಬಂದು ಸೇರುತ್ತವೆ, ಅಲ್ಲಿ ನೋಡಿದರೆ ಒಂದು ಮನೆಯೂ ಇಲ್ಲ. ಸುಮ್ನೆ ಯಾರೂ ಹೊಲದ ನಡುವಿಗೆ ನಾಲ್ಕು ದಾರಿ ಮಾಡಿಕೊಳ್ಳುವುದಿಲ್ಲ, ಅಲ್ವಾ? ಅಲ್ಲಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಪಕ್ಕದಲ್ಲೇ ಕೆರೆ, ಒಂಟಿ ಗುಡಿ ಇದ್ದರೆ ಅನುಮಾನ ಇನ್ನೂ ಗಟ್ಟಿ.

ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟನ್ನೂ, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಯನ್ನೂ, ಪಕ್ಕದಲ್ಲಿಟ್ಟುಕೊಳ್ಳಿ. ಪಾಳುಬಿದ್ದ ಊರಿಗೆ ಅದರಲ್ಲಿ ಬೇರೆ ಗುರುತಿದೆ. ಆದರೆ ಅದರಲ್ಲಿ ಎತ್ತರ ತೋರಿಸುವ ಗೆರೆಗಳು 20 ಮೀಟರ್ ಎತ್ತರಕ್ಕೊಂದು. ಊರು ಹಾಳಾದ ಜಾಗದಲ್ಲಿ ಉಳಿದ ಆಳೆತ್ತರದ ದಿಬ್ಬ ಅಲ್ಲಿ ಕಾಣುವುದಿಲ್ಲ.

ಆಮೇಲೆ ಶಾಸನ. ಹಳೆ ಮೈಸೂರಿನವರಿಗೆ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನಸಂಗ್ರಹದ ಸಂಪುಟಗಳಿವೆ, ತಾಲ್ಲೂಕುವಾರು ಜೋಡಿಸಿದ್ದಾರೆ. ದಾನಶಾಸನಗಳಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಎಲ್ಲೆ ಹೇಳಿರುತ್ತಾರೆ. ಅಲ್ಲಿ ಬರುವ ಮರ ಈಗ ಇರುವುದಿಲ್ಲ, ಕೆರೆಯ ಕೋಡಿ ಇರಬಹುದು. ಹೆಸರು ಮಾತ್ರ ಸವೆದಿರುತ್ತದೆ. ಬೆಂಗಳೂರಿನ ಬೇಗೂರು ಗಂಗರ ಕಾಲದ ಶಾಸನದಲ್ಲಿ ಬೆಂಪೂರು! ಹಾಗಾಗಿ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೊಂದಿಸದೆ, ಬಾಯಲ್ಲಿ ಹೇಳಿಕೊಂಡು ನೋಡಿ.

ಸುಗ್ಗಿ ಮುಗಿದು ಹೊಲ ಬೋಳಾದ ಮೇಲೆ ಸ್ಥಳಕ್ಕೆ ಹೋಗಿ. ಹೊತ್ತು ಮೂಡಿದ ಕೂಡಲೇ ಅಥವಾ ಮುಳುಗುವ ಮುಂಚೆ. ಬಿಸಿಲು ಓರೆಯಾಗಿ ಬಿದ್ದಾಗ ಒಂದಡಿಯ ಉಬ್ಬಿಗೂ ನೆರಳಿರುತ್ತದೆ, ನಡುಮಧ್ಯಾಹ್ನ ಎಲ್ಲ ಚಪ್ಪಟೆ. ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತದೆ.

ಬಗ್ಗಿ ಒಂದು ಹಿಡಿ ಮಣ್ಣು ತಗೊಳ್ಳಿ. ಸುತ್ತ ಕೆಂಪು ಮಣ್ಣಿದ್ದು ಇಲ್ಲಿ ಬೂದುಬಣ್ಣವಿದ್ದರೆ, ಬೆರಳಲ್ಲಿ ಹಿಟ್ಟಿನ ಹಾಗೆ ಜಾರಿದರೆ, ಅದು ಹಾಳುಮಣ್ಣು. ಕುಸಿದ ಗೋಡೆ, ಒಲೆಯ ಬೂದಿ, ಸಗಣಿ ಎಲ್ಲ ಕಲೆತದ್ದು. ರೈತರು ಇದನ್ನು ಅಗೆದು ಗೊಬ್ಬರವಾಗಿ ಹೊಡೆಯುತ್ತಾರೆ. ಅಗೆದ ಗುಂಡಿಯ ಅಂಚು ನಮಗೆ ಪುಸ್ತಕ ಇದ್ದ ಹಾಗೆ: ಮಡಕೆ ಚೂರು, ಬೂದಿಯ ಪಟ್ಟಿ, ಬಡಿದು ಗಟ್ಟಿ ಮಾಡಿದ ನೆಲದ ತೆಳುವಾದ ಗೆರೆ. ಫೋಟೊ ತೆಗೆಯಿರಿ, ನೀವು ಅಗೆಯಬೇಡಿ. ಶಾಸನವೋ ವೀರಗಲ್ಲೋ ಕಂಡರೆ ಪುರಾತತ್ವ ಇಲಾಖೆಗೆ ತಿಳಿಸಿ.

ಬಳ್ಳಾರಿ, ರಾಯಚೂರು ಕಡೆಯವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಅಲ್ಲಿನ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದವು, ಈ ಊರುಗಳಿಗಿಂತ ಸಾವಿರಾರು ವರ್ಷ ಹಳೆಯವು.

ಉದ್ದಕ್ಕೂ ಓಡುವ, ಹೆಚ್ಚು ಎತ್ತರವಿಲ್ಲದ ಮಣ್ಣಿನ ಏರು ಕಂಡರೆ, ಅದರ ಹೊರಗೆ ಗುಳಿ ಇದ್ದರೆ, ಊರಗೋಡೆ ಮತ್ತು ಕಂದಕ ಇರಬಹುದು. ಟೇಪು ಹಿಡಿದು ಅಳೆದು ಗ್ರಾಫ್ ಹಾಳೆಯಲ್ಲಿ ಬರೆದುಕೊಳ್ಳಿ. ನಾನು ಹಾಗೆ ಅಳೆಯುತ್ತಿದ್ದಾಗ ಒಬ್ಬ ಅಜ್ಜ ಬಂದು, ‘ನಿಧಿಗೆ ಬಂದ್ಯೇನಪ್ಪಾ?’ ಅಂದರು. ಈ ಪ್ರಶ್ನೆ ನಿಮಗೂ ಬರುತ್ತದೆ. ಮೊದಲೇ ಹೊಲದವರನ್ನು ಕೇಳಿ ಇಳಿಯುವುದು ವಾಸಿ. ನಕ್ಷೆ ತೋರಿಸಿ ವಿಷಯ ಹೇಳಿದೆ. ನಾನು ಅಳೆಯುತ್ತಿದ್ದ ಏರಿನಲ್ಲಿ ಒಂದು ಕಡೆ ಹತ್ತಡಿ ತೆರಪು ಇತ್ತು, ಯಾಕೆಂದು ಹೊಳೆದಿರಲಿಲ್ಲ. ಈ ಹೊಲಕ್ಕೆ ಏನಂತೀರಿ ಅಜ್ಜ ಎಂದು ಕೇಳಿದೆ.

‘ಊರಬಾಗಿಲ ಹೊಲ,’ ಅಂದರು. ‘ಯಾವ ಊರಿಂದೋ ನಂಗೊತ್ತಿಲ್ಲ. ನಮ್ಮಪ್ಪನೂ ಹಂಗೇ ಅಂತಿದ್ದ.’